ಬಾವಿ ಪಕ್ಕದ ಬೋನು

ಟೀವಿ ಒಸಿ ಆಫ್ ಮಾಡಿ. ಇದನ್ನ ಜೋರಾಗಿ ಹೇಳೋಕಾಗಲ್ಲ ನನಗೆ.

ರಾತ್ರಿ ಹತ್ತೂವರೆ. ನಮ್ಮ ಚಿಕ್ಕಪ್ಪನ ಮಗ ದೇವರಾಜು ಕೈಲಾಂಚದಲ್ಲಿ ಕೊನೇ ಬಸ್ಸು ಇಳಿದು ಊರಿಗೆ ನಡೆದು ಬರುತ್ತಿದ್ದಾನೆ. ಹಿಂದೆ ಎಂದಿನ ಹಾಗೆ ಐದಾರು ಬೀದಿ ನಾಯಿ. ಹಿಪ್ಪುನೇರಳೆ ತೋಟದ ಹಳೇ ಬಾವಿ ಬಂತು... ನಾಯಿಗಳು ನಿಂತುಬಿಟ್ಟವು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಸಾಲಾಗಿ ಕೂತವು.

ಯಾಕೆ ಕೂತವು ಅಂತ ಗೊತ್ತಾಗಬೇಕಾದರೆ ಹೋದ ವರ್ಷದ್ದು ಹೇಳಬೇಕು.

ದೇವರಾಜು ಚಡ್ಡಿ ಹಾಕೋ ಕಾಲದಿಂದಲೂ ನಾಯಿ ಹುಚ್ಚ. ಎಂಥಾ ಕಚ್ಚೋ ನಾಯಿಯಾದರೂ ಸರಿ, ಇವನು "ಕುರ್ರೋ... ಕುರ್ರೋ..." ಅಂದರೆ ಸಾಕು, ತೆವಳಿಕೊಂಡು ಬಂದು ಕಾಲ ಹತ್ತಿರ ಮಲಗುತ್ತಿತ್ತು. ಮದುವೆ ದಿನ ಛತ್ರದ ಬಾಗಿಲಲ್ಲಿ ಹನ್ನೊಂದು ನಾಯಿ! "ನಮ್ ಕಡೆ ನೆಂಟ್ರಿಗಿಂತ ಇವ್ರ ಕಡೆ ನೆಂಟ್ರೇ ಜಾಸ್ತಿ" ಅಂತ ಅವನ ಹೆಂಡತಿ ಭಾನುಪ್ರಿಯ ಈಗಲೂ ಆಡಿಕೊಳ್ಳುತ್ತಾಳೆ.

ಹೋದ ವರ್ಷ ಊರಿಗೆ ಚಿರತೆ ಬಂತು. ಬೋರಲಿಂಗಯ್ಯನ ಕರು ಹೋಯಿತು. ಫಾರೆಸ್ಟಿನವರು ಆ ಬಾವಿ ಪಕ್ಕ ಬೋನು ತಂದಿಟ್ಟರು. ಮುಂದೆ ಚಿರತೆಗೆ ದೊಡ್ಡ ಗೂಡು, ಹಿಂದೆ ಅದನ್ನ ಕರೆಯೋಕೆ ನಾಯಿ ಹಾಕೋ ಚಿಕ್ಕ ಗೂಡು. ಮಧ್ಯ ಕಂಬಿ. ಒಂದು ನಾಯಿಯೂ ಯಾರ ಕೈಗೂ ಸಿಗಲಿಲ್ಲ. ಬೋರಲಿಂಗಯ್ಯ ಇವನ ಹತ್ತಿರ ಬಂದ.

"ನೀನ್ ಕರುದ್ರೆ ಬತ್ತವೆ ಕಣ್ಲಾ. ಎಲ್ಡೇ ದಿನ. ಮಧ್ಯ ಕಂಬಿ ಐತೆ, ಏನೂ ಆಗಾಕಿಲ್ಲ."

ಇವನು ಕರೆದ. ಕೆಂಪಿ ಅಂತ ಒಂದು ಹೆಣ್ಣು ನಾಯಿ, ಬಾಲ ಆಡಿಸಿಕೊಂಡು ತಾನಾಗೇ ಒಳಗೆ ಹೋಯಿತು. ಚಿಲಕ ಹಾಕಿದವನೂ ಇವನೇ.

ಮಾರನೇ ದಿನ ಭಾನುಪ್ರಿಯಗೆ ಹೆರಿಗೆ ನೋವು ಬಂತು. ರಾಮನಗರದ ಆಸ್ಪತ್ರೆ, ನಾಲ್ಕು ದಿನ. "ಕೆಂಪಿಗೆ ನೀರಿಡ್ರಪ್ಪ" ಅಂತ ಹೇಳಿಯೇ ಹೋದ. ಆದರೆ ಅದೇ ವಾರ ಊರಲ್ಲೆಲ್ಲ ರೇಷ್ಮೆ ಹುಳ ಹಣ್ಣಾದವು. ಹುಳ ಹಣ್ಣಾದರೆ ಒಂದೊಂದನ್ನೇ ಆರಿಸಿ, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ಮೇಲೆ ಬಿಡಬೇಕು. ಊಟ ಇಲ್ಲ, ನಿದ್ದೆ ಇಲ್ಲ, ಹೆತ್ತ ತಾಯಿ ಕರೆದರೂ ಕಿವಿಗೆ ಬೀಳಲ್ಲ. ಅವರು ಇಟ್ಟಿರ್ತಾರೆ ಅಂತ ಇವರು, ಇವರು ಇಟ್ಟಿರ್ತಾರೆ ಅಂತ ಅವರು...

ಇವನು ಬಂದಾಗ ಕೆಂಪಿ ಖಾಲಿ ಬಟ್ಟಲ ಮೇಲೆ ಮೂತಿ ಇಟ್ಟು ಮಲಗಿತ್ತು. ಏಳಲಿಲ್ಲ. ಮಗು ಹುಟ್ಟಿದ ಸಂತೋಷ ಅವನಿಗೆ ಅಲ್ಲಿಗೇ ಮುಗಿಯಿತು. ಚಿರತೆಯೂ ಬರಲಿಲ್ಲ. ಬೋನು ಮಾತ್ರ ಅಲ್ಲೇ ಉಳಿಯಿತು. ಅದರ ಮೇಲೆ ಬಳ್ಳಿ ಹಬ್ಬಿತು.

ಈಗ ಆ ರಾತ್ರಿಗೆ ಬನ್ನಿ.

ಬೋನಿನ ಕಡೆಯಿಂದ ಸದ್ದು. ಕರ್ರ್... ಕರ್ರ್... ತಗಡಿನ ಮೇಲೆ ಉಗುರು. ಆಮೇಲೆ ಟಣ್... ಬಟ್ಟಲು ಕಂಬಿಗೆ ತಗುಲಿದ ಸದ್ದು. ಮತ್ತೆ ಯಾರೋ ನಾಯಿ ಹಾಕಿದ್ದಾರೆ! ಬೋನಿನ ಹತ್ತಿರಕ್ಕೆ ಓಡಿದ. ಮೊಬೈಲ್ ಬೆಳಕು ಬಿಟ್ಟು ನೋಡಿದ. ಚಿಕ್ಕ ಗೂಡಿನ ಬಾಗಿಲು ತೆಗೆದೇ ಇದೆ. ಒಳಗೆ ಮೂಲೇಲಿ ಎರಡು ಕಣ್ಣು. ಬಾಗಿಲು ತೆಗೆದಿದ್ದರೂ ಬರುತ್ತಿಲ್ಲ, ಕಾಲಿಗೆ ಏನಾಗಿದೆಯೋ ಅಂದುಕೊಂಡ.

"ಬಾರೆ... ಹೆದರ್ಬ್ಯಾಡ... ಬಾ ತಾಯಿ..."

ಮೊಬೈಲು ಹೊರಗೆ ನೆಲದ ಮೇಲಿಟ್ಟು, ಮಂಡಿಯೂರಿ ಒಳಗೆ ನುಗ್ಗಿದ. ಕೈ ಚಾಚಿದ. ಬರೀ ತಗಡು ಸಿಕ್ಕಿತು.

ಸರ್ರ್... ದಡ್!

ಬಾಗಿಲು ಬಿತ್ತು. ಆಮೇಲೆ ನಿಧಾನಕ್ಕೆ... ಕಿರ್ರ್... ಹೊರಗಿನ ಚಿಲಕ.

ಒದ್ದ. ಕೂಗಿದ. ನೆಟ್ಟಗೆ ಕೂರೋಕೂ ಎತ್ತರ ಇಲ್ಲ. ಭಾನುಪ್ರಿಯ ಫೋನ್ ಮಾಡಿದಳು. ಒಣಗಿದ ಎಲೆ ಮೇಲೆ ಜುಂಯ್... ಜುಂಯ್... ಬಾಗಿಲ ಕಂಬಿಯಿಂದ ಒಂದೇ ಮೊಳ ದೂರ, ಬೆರಳು ತಲುಪಲಿಲ್ಲ. ಮೊಬೈಲು ಸುಮ್ಮನಾಯಿತು. ಆಗ ಕೇಳಿಸಿತು, ಕಿವಿ ಪಕ್ಕದಲ್ಲೇ... ಹ್ಹೆ ಹ್ಹೆ ಹ್ಹೆ ಹ್ಹೆ... ಬಾಯಾರಿದ ನಾಯಿಯ ಉಸಿರು.

ಬೆಳಗಾಯಿತು. ಬಿಸಿಲಿಗೆ ತಗಡು ಕಾಯಿತು. ಪಕ್ಕದ ತೋಟದ ಮುನಿಕೃಷ್ಣ ಸೊಪ್ಪಿನ ಹೊರೆ ಹೊತ್ತು ಅಲ್ಲೇ ಹೋದ. ಇವನು ಗಂಟಲು ಹರಿಯೋ ಹಾಗೆ ಕೂಗಿದ. ಮುನಿಕೃಷ್ಣ ತಿರುಗಿ ನೋಡಿ, "ಯಾರಾರ ನೀರಿಟ್ಟಿರ್ತಾರೆ ಬುಡು" ಅಂತ ತನಗೆ ತಾನೇ ಅಂದುಕೊಂಡು ಹೊರಟುಹೋದ. ಕತ್ತಲಾಯಿತು. ಮತ್ತೆ ಬೆಳಗಾಯಿತು. ಜನ ಬಂದರು, ನೋಡಿದರು, ಹೋದರು.

"ನನ್ ಬಾಯಿಂದ ಮಾತೇ ಬತ್ತಿರ್ಲಿಲ್ಲ ಅಣ್ಣ" ಅಂದ ನನ್ನ ಹತ್ತಿರ.

ಮತ್ತೇನು ಬರುತ್ತಿತ್ತು ಅಂತ ಕೇಳಿದೆ. ಹೊರಗೆ ಬೊಗಳುತ್ತಿದ್ದ ನಾಯಿ ಕಡೆ ಕೈ ತೋರಿಸಿದ.

ಹಾಗೆ ನಾಲ್ಕು ದಿನ ಎಣಿಸಿದನಂತೆ. ಕೊನೇ ರಾತ್ರಿ ತಲೆ ಎತ್ತೋಕೂ ಆಗಲಿಲ್ಲ. ಪಕ್ಕದ ಉಸಿರು ಮೆಲ್ಲಗಾಗುತ್ತಾ ಆಗುತ್ತಾ... ನಿಂತಿತು.

ಸೊಪ್ಪು ಕುಯ್ಯೋಕೆ ಬಂದ ಮುನಿಕೃಷ್ಣ ಕಲ್ಲಲ್ಲಿ ಬಡಿದು ಚಿಲಕ ತೆಗೆದಾಗ ಬೆಳಗಿನ ಆರು ಗಂಟೆ. ಯಾವತ್ತಿನ ಬೆಳಗು ಗೊತ್ತಾ? ಮಾರನೇ ದಿನದ್ದೇ! ಅವನು ಬಸ್ಸಿಳಿದದ್ದು ಹಿಂದಿನ ರಾತ್ರಿ. ಜೇಬಲ್ಲಿದ್ದ ಟಿಕೆಟ್ಟಿನ ತಾರೀಕು ನಾನೇ ನೋಡಿದೆ. ಒಂದೇ ರಾತ್ರಿ. ಆದರೆ ತುಟಿ ಒಡೆದಿತ್ತು, ಕಣ್ಣು ಗುಳಿ ಬಿದ್ದಿತ್ತು, ಕೆನ್ನೆ ತುಂಬ ಗಡ್ಡ. ರಾಮನಗರದಲ್ಲಿ ಕಟಿಂಗ್ ಶಾಪ್ ಇಟ್ಟಿರೋ ನಮ್ಮೂರ ಸಾಬೀರ್ ನೋಡೋಕೆ ಬಂದವನು ಬಾಗಿಲಲ್ಲೇ ನಿಂತ.

"ನಿನ್ನೆ ಸಾಯಂಕಾಲ ನಾನೇ ಶೇವಿಂಗ್ ಮಾಡಿದ್ನಲ್ಲಣ್ಣ..." ಅಂದ. ಒಳಗೆ ಬರಲೇ ಇಲ್ಲ.

ಭ್ರಮೆ ಅಂತೀರಾ? ನಾನೂ ಹಾಗೇ ಅಂದೆ, ಅವನ ಎದುರಿಗೇ. ಅವನು ಗೋಡೆ ಕಡೆ ತಿರುಗಿ ಮಲಗಿದ್ದ. ಮೆಲ್ಲಗೆ ಅಂದ:

"ಮೂರ್ನೇ ದಿನ ನೀನೂ ಬಂದಿದ್ದೆ ಅಣ್ಣ. ಮೋಟ್ರು ಆಫ್ ಮಾಡಾಕೆ. ಕುಕ್ಕುರುಗಾಲಲ್ಲಿ ಕುಂತ್ಕಂಡು ನನ್ ಮೂತಿ ನೋಡ್ದೆ. 'ಒಸಿ ತಡ್ಕ, ಸಾಯಂಕಾಲ ನೀರ್ ತತ್ತೀನಿ' ಅಂದೆ. ಬರ್ಲಿಲ್ಲ."

ಈ ವರ್ಷ ನಾನು ಆ ತೋಟಕ್ಕೆ ಕಾಲೇ ಇಟ್ಟಿಲ್ಲ. ಆ ಮಾತು ನಾನು ಅಂದದ್ದು ಹೋದ ವರ್ಷ, ಕೆಂಪಿಗೆ. ಅಂದು ಹುಳದ ಮನೆಗೆ ಹೋದೆ... ಮರೆತೆ. ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ಕಟ್ಟಿಕೊಂಡವಳ ಹತ್ತಿರವೂ. ದೇವರಾಣೆ ಹೇಳುತ್ತೀನಿ, ಅವತ್ತು ಅಲ್ಲಿ ಇದ್ದದ್ದು ಇಬ್ಬರೇ... ನಾನು, ಆ ನಾಯಿ.