ಬಲಕ್ಕೆ ತೆರೆಯುವ ವಾಲ್ವ್

…ಬೇಡ ಲೂಯಿ, ಇನ್ನೊಂದು ಲೋಟ ಕಾಫಿ ಬೇಡ, ಎದೆ ಉರಿಯುತ್ತೆ. ನೀನು ನಿನ್ನ ಮೆಣಸಿನಕಾಯಿ ಜಾಡಿಗೆ ತುಂಬ್ತಾ ಇರು, ನಾನು ಹೇಳೋದು ಹೇಳಿ ಹೊರಡ್ತೀನಿ. ಎಲ್ಲಿದ್ದೆ? ಹಾಂ, ನಾಳೆ. ಬೆಳಿಗ್ಗೆ ಹತ್ತು ಗಂಟೆಗೆ ಕೋಲ್ಟನ್‌ನಲ್ಲಿ ವಿಚಾರಣೆ. ವಕೀಲ ನಿನ್ನನ್ನ ಕೇಳೋದು ಒಂದೇ ಪ್ರಶ್ನೆ. "ಮಿಸ್ಟರ್ ಸೆಡ್ಲಾಕ್, ನಲವತ್ತು ವರ್ಷ ಟಿಪ್ಪಲ್ ಹಿಲ್‌ಗೆ ನೀರು ಬಿಟ್ಟವರು ನೀವು. ಈ ಊರಿನ ವಾಲ್ವ್‌ಗಳು ಉಲ್ಟಾ ತಿರುಗ್ತವೆ ಅಂತ ಎಲ್ಲಾದರೂ ಬರೆದು ಕೊಟ್ಟಿದ್ರಾ?" ನೀನು ಹೇಳಬೇಕಾದ್ದೂ ಒಂದೇ ಮಾತು. ನೆನಪಿಲ್ಲ. ಎಪ್ಪತ್ತೆಂಟರ ಮುದುಕ ನೆನಪಿಲ್ಲ ಅಂದ್ರೆ ಯಾರು ಏನು ಅನ್ಕೋತಾರೆ?

ಹಾಗೆ ನೋಡಬೇಡಯ್ಯ. ಸುಳ್ಳು ಹೇಳು ಅಂತ ಎಲ್ಲಿ ಅಂದೆ ನಾನು?

ಕಿವಿಗೆ ಮಿಷನ್ ಹಾಕ್ಕೊಂಡಿದ್ದೀಯ ತಾನೇ? ಹಾಕ್ಕೊಂಡಿದ್ದೀಯ, ಕಾಣ್ತಿದೆ. ಸರಿ. ಎಂಥ ಕಿವಿ ಇತ್ತು ನಿಂದು. ಆ ಬಾಗಿಲ ಹಿಂದೆ ನಿಲ್ಲಿಸಿದ್ದೀಯಲ್ಲ ಕಬ್ಬಿಣದ ಕೋಲು, ಅದರ ಒಂದು ತುದಿ ರಸ್ತೆಗೆ, ಇನ್ನೊಂದು ತುದಿ ಕಿವಿಗೆ. ಆರಡಿ ಕೆಳಗೆ ಪೈಪು ಎಲ್ಲಿ ಸೋರ್ತಿದೆ ಅಂತ ಬೊಟ್ಟು ಮಾಡಿ ತೋರಿಸ್ತಿದ್ದೆ. ನಾವು ದುಬಾರಿ ಬೆಲೆಗೆ ತಂದ ಯಂತ್ರ ಮೂರು ಕಡೆ ರಸ್ತೆ ಅಗೆಸಿ ಕೈ ಚೆಲ್ಲಿತ್ತು. ನೀನು ಒಂದೇ ಕಡೆ ಅಗೆಸಿದೆ, ಸಿಕ್ತು. ಇಷ್ಟು ವರ್ಷ ಪೈಪು, ಬೆಂಡು, ನಲ್ಲಿ ಮಾರಿದವನು ನಾನು. ಅಂಥ ಕೆಲಸಗಾರನ್ನ ಇನ್ನೊಬ್ಬನ್ನ ಕಾಣಲಿಲ್ಲ. ಹೊಗಳ್ತಿಲ್ಲ, ಇದ್ದದ್ದು ಹೇಳ್ತಿದ್ದೀನಿ.

ಇರಲಿ. ಕಥೆ ಸರಳ. ವಕೀಲನಿಗೂ ಸರಳವಾಗೇ ಹೇಳಬೇಕು. ಮೂರು ಊರು ಸೇರಿ ಒಂದು ನೀರು ಮಂಡಳಿ ಆಯ್ತು. ಕೋಲ್ಟನ್, ಹ್ಯಾರೋ, ನಮ್ಮ ಟಿಪ್ಪಲ್ ಹಿಲ್. ಆ ಎರಡು ಊರಲ್ಲಿ ವಾಲ್ವ್ ಎಡಕ್ಕೆ ತಿರುಗಿಸಿದ್ರೆ ತೆರೆಯುತ್ತೆ, ಲೋಕದಲ್ಲೆಲ್ಲ ಇರೋ ಹಾಗೆ. ನಮ್ಮೂರಲ್ಲಿ ಮಾತ್ರ ಬಲಕ್ಕೆ. ಗಣಿ ಕಂಪನಿಯವರು ನೂರು ವರ್ಷದ ಹಿಂದೆ ಯಾವನ ಹತ್ರ ಅಗ್ಗಕ್ಕೆ ಕೊಂಡರೋ. ಜೂನ್‌ನಲ್ಲಿ ಮಂಡಳಿಯಿಂದ ಅಪ್ಪಣೆ ಹೋಯ್ತು: ಮೂರೂ ಊರಿನ ವಾಲ್ವ್ ಎಲ್ಲ ಪೂರ್ತಿ ತೆರೆದಿದೆಯಾ ನೋಡಿ. ಹ್ಯಾರೋ ಊರಿಗೆ ನೀರು ಬಿಡೋ ಡಾರ್ಲೀನ್ ಕೋವಾಕ್ ಬಂದ್ಲು. ಎಲ್ಮ್ ರಸ್ತೆ ಮೂಲೆಯ ವಾಲ್ವಿಗೆ ಕೀಲಿ ಹಾಕಿ ಎಡಕ್ಕೆ ತಿರುಗಿಸಿದ್ಲು. ಮೂವತ್ತೊಂದು ಸುತ್ತು ತಿರುಗ್ತು. ಯಾವ ದಡ್ಡ ಇದನ್ನ ಮುಚ್ಚಿಟ್ಟಿದ್ದನಪ್ಪ ಅಂದ್ಕೊಂಡು, "ಪೂರ್ತಿ ತೆರೆದಿದೆ" ಅಂತ ಬರೆದು ಸಹಿ ಹಾಕಿದ್ಲು. ಅವಳು ಮುಚ್ಚಿ ಹೋಗಿದ್ಲು ಲೂಯಿ. ತೆರೆದಿದ್ದನ್ನ ಮುಚ್ಚಿ ಹೋಗಿದ್ಲು.

ಮನೆಗಳಿಗೆ ಹಿಂದಿನ ಬೀದಿಯ ಸಣ್ಣ ಪೈಪಿಂದ ನೀರು ಬರ್ತಾನೇ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಆಗಸ್ಟ್‌ನಲ್ಲಿ ಅದೇ ಎಲ್ಮ್ ರಸ್ತೆಯಲ್ಲಿ ಬೆಂಕಿ ಬಿತ್ತು. ಊರಿನ ಹುಡುಗರು ಬೆಂಕಿ ಆರಿಸೋ ಲಾರಿ ತಂದು ರಸ್ತೆ ಬದಿಯ ಹೈಡ್ರಂಟ್ ನಲ್ಲಿಗೆ ಕೊಳವೆ ಸಿಕ್ಕಿಸಿದ್ರೆ… ನೀನೂ ಅಲ್ಲಿದ್ದೆಯಲ್ಲ. ಮಗು ಉಚ್ಚೆ ಹೊಯ್ದ ಹಾಗೆ ಬಂತು. ನಾಲ್ಕು ಮನೆ ಹೋಯ್ತು. ಯುರ್ಕೋ ಅಜ್ಜಿ ಇನ್ನೂ ಪಿಟ್ಸ್‌ಬರ್ಗ್ ಆಸ್ಪತ್ರೆಯಲ್ಲಿ, ತೊಡೆ ಚರ್ಮ ತೆಗೆದು ಕೈಗೆ ಹಾಕ್ತಿದ್ದಾರಂತೆ. ನಾನು ಹೂವು ಕಳಿಸಿದ್ದೆ.

ಹೂವು ಕಳಿಸಿದ್ದರಲ್ಲಿ ಏನು ತಪ್ಪು? ಆ ಮುಚ್ಚಳ ಹಾಗೆ ಕುಕ್ಕಬೇಡ, ಜಾಡಿ ಒಡೀತದೆ.

ಗೊತ್ತು, ಡಾರ್ಲೀನ್ ಬಗ್ಗೆ ನಿಂಗೆ ಮರುಕ. ಒಳ್ಳೆ ಹೆಂಗಸೇ. ಚಳಿಗಾಲದಲ್ಲಿ ಸೊಂಟದ ತನಕ ಕೆಸರಲ್ಲಿ ನಿಂತು ಪೈಪು ಕಟ್ಟಿದೋಳು. ಅವಳ ಲೈಸೆನ್ಸ್ ಹೋಗುತ್ತೆ. ಕೋರ್ಟಿಗೂ ಎಳೀಬಹುದು, ಎಳೀದೇನೂ ಇರಬಹುದು. ಆದ್ರೆ ಸಹಿ ಯಾರದ್ದು? ಅವಳದ್ದೇ ತಾನೇ? ವ್ಯಾಪಾರದಲ್ಲೂ ಅಷ್ಟೇ, ಯಾರು ಸಹಿ ಹಾಕಿದ್ರೋ ಮಾಲು ಅವರದ್ದು. ಅವಳೊಬ್ಬಳ ತಲೆ ಉಳಿಸೋಕೆ ಹೋಗಿ ಮಂಡಳಿಯನ್ನೇ ಮುಳುಗಿಸ್ತೀಯಾ?

ಯಾಕಂದ್ರೆ ಅದು ಮುಳುಗುತ್ತೆ. ನಿನ್ನ ಕಾಲದಲ್ಲಿ ಹೇಗಿತ್ತು, ನೀನೇ ಹೇಳು. ನೂರು ಗ್ಯಾಲನ್ ಪಂಪ್ ಮಾಡಿದ್ರೆ ನಲವತ್ತು ಸೋರಿ ಮಣ್ಣಿಗೆ. ಮಣ್ಣಿಗೆ ಮಾರಿ ಯಾವ ಅಂಗಡಿ ಉಳಿದಿದೆ? ನಾನು ಮಂಡಳಿ ಅಧ್ಯಕ್ಷ ಆದಮೇಲೆ ಹದಿನಾಲ್ಕಕ್ಕೆ ಇಳಿಸಿದೆ. ಕೆರೆ ಮೇಲಿನ ಗುಡ್ಡದಲ್ಲಿ ಓಕ್ ನೆಡಿಸಿದೆ. ಹೊಳೆಗೆ ಇಳಿದು ಹೊಲಸು ಮಾಡ್ತಿದ್ದ ದನಗಳಿಗೆ ಬೇಲಿ. ಬೇಲಿ ಹಾಕ್ಕೊಳ್ಳಯ್ಯ ಅಂತ ರೈತನ ಕಾಲು ಹಿಡಿಯೋದೊಂದು ಬಾಕಿ ಇತ್ತು, ಅದನ್ನೂ ಮಾಡಿದೆ. ಪಂಪ್ ಮನೆ ಮೇಲೆ ಬಿಸಿಲಿನ ಕರೆಂಟು. ಮಂಡಳಿ ವರದಿ ಓದಿದೆಯಾ? ಎಲ್ಲಿ ಓದ್ತೀಯ. ಹೊಳೆಯೋ ಕಾಗದ, ಮುಖಪುಟದಲ್ಲಿ ನೀರು ಕುಡಿಯೋ ಮಗು. "ಸುಸ್ಥಿರ ನೀರು, ಎಲ್ಲ ಪಾಲುದಾರರಿಗೂ ಮೌಲ್ಯ." ನನ್ನ ಮಾತಲ್ಲ ಅದು, ಯಾವುದೋ ಪೇಟೆ ಹುಡುಗಿ ಬರೆದಿದ್ದು. ಪಾಲುದಾರ ಅಂದ್ರೆ ಯಾರಮ್ಮಾ ಅಂತ ಕೇಳಿದೆ. ನೀರು ಕುಡಿಯೋರು, ಸಾಲ ಕೊಟ್ಟೋರು, ಕೆಲಸ ಮಾಡೋರು, ಹೊಳೆ ಮೀನು, ಎಲ್ಲರೂ ಸಾರ್ ಅಂದ್ಲು. ಯುರ್ಕೋ ಅಜ್ಜಿನೂ ಅದರಲ್ಲಿ ಬಂದ್ಲು ಅನ್ನು.

ಈಗ ಪೇಪರಿನವರಿಗೆ ಹದಿನಾಲ್ಕೂ ಬೇಡ, ಓಕ್ ಮರವೂ ಬೇಡ. ಒಂದು ಹೈಡ್ರಂಟ್ ಸಾಕು. ಮೊದಲು ಊರಿನ ನೀರು ಸಮಿತಿ, ಆಮೇಲೆ ಮಂಡಳಿ ಅಂತ ಹನ್ನೊಂದು ವರ್ಷ ಸಂಬಳ ಇಲ್ಲದೆ ದುಡಿದಿದ್ದಕ್ಕೆ, ಮೊನ್ನೆ ಅಂಗಡಿಗೆ ಬಂದವನೊಬ್ಬ ನಲ್ಲಿ ತಗೊಂಡು, ನನ್ನ ಹೆಸರು ಹಿಡಿದು, "ವಾಲ್ಟ್, ಇದು ಯಾವ ಕಡೆ ತಿರುಗುತ್ತೆ?" ಅಂತ ಕೇಳಿ ನಕ್ಕ. ನನ್ನ ಅಂಗಡಿಯಲ್ಲೇ ನಿಂತು.

ನೀನೂ ನಗ್ತೀಯಾ? ನಗು ನಗು.

ಪುಸ್ತಕದ ವಿಷಯಕ್ಕೆ ಬರ್ತೀನಿ. ನೀನು ನಿವೃತ್ತಿ ಆದ ದಿನ ಊರಿನ ವಾಲ್ವ್‌ಗಳ ವಿವರ ಬರೆದ ಒಂದು ನೋಟ್‌ಬುಕ್ ಆಫೀಸಿನ ಬಿಲ್ ಹಣ ಹಾಕೋ ಪೆಟ್ಟಿಗೆಗೆ ಹಾಕಿ ಬಂದೆ ಅಂತ ಡಾರ್ಲೀನ್ ಹತ್ರ ಹೇಳಿದ್ದೀಯಂತೆ. ಅವಳು ವಕೀಲನ ಹತ್ರ ಹೇಳಿದ್ದಾಳೆ. ವಕೀಲ ನನ್ನ ಕೇಳಿದ. ಅಂಥದ್ದೇನೂ ನಾನು ಕಂಡಿಲ್ಲ ಅಂತ ಬರೆದುಕೊಟ್ಟಿದ್ದೀನಿ. ಕಂಡಿಲ್ಲ ಲೂಯಿ. ಆ ಪೆಟ್ಟಿಗೆ ತೆಗೀತಿದ್ದವಳು ಆಫೀಸಿನ ಗುಮಾಸ್ತೆ ಮಾರ್ಜಿ, ಅವಳು ತೀರಿಕೊಂಡು ವರ್ಷ ದಾಟಿತು. ಕಸಕ್ಕೆ ಹಾಕಿದ್ಲೋ, ಒಲೆಗೆ ಹಾಕಿದ್ಲೋ. ನನ್ನ ಮೇಜಿಗೆ ಬರಲಿಲ್ಲ, ಅಷ್ಟೇ.

ಬಂದಿದ್ದರೂ ತಾನೇ ಏನು? ಸುಮ್ಮನೆ ಮಾತಿಗೆ ಹೇಳ್ತೀನಿ. ನೀನು ಕೆಲಸ ಬಿಟ್ಟಿದ್ದು ಮೂರು ವರ್ಷದ ಹಿಂದೆ, ಮೂರೂ ಊರು ಸೇರೋ ಕರಾರಿಗೆ ಸಹಿ ಬೀಳೋ ವಾರ. ಟಿಪ್ಪಲ್ ಹಿಲ್ ಅಷ್ಟೂ ತಲೆಕೆಳಗಾದ ಊರು, ಇನ್ನೂರು ವಾಲ್ವ್ ಕಿತ್ತು ಹಾಕಬೇಕು ಅಂತ ಗೊತ್ತಾಗಿದ್ರೆ ಕೋಲ್ಟನ್‌ನವರು ಪೆನ್ನು ಮುಚ್ಚಿ ಎದ್ದು ಹೋಗ್ತಿದ್ರು. ನಮ್ಮ ಊರಿಗೆ ಇವತ್ತೂ ಅದೇ ಕಂದು ನೀರು ಬರ್ತಿತ್ತು, ಅದೇ ನಲವತ್ತು ಮಣ್ಣಿಗೆ ಹೋಗ್ತಿತ್ತು. ಯಾರಿಗೆ ಲಾಭ? ನಿಂಗಾ? ಯುರ್ಕೋ ಅಜ್ಜಿಗಾ? ಸರಕು ತೋರಿಸೋವಾಗ ಬಿರುಕು ಮೊದಲು ತೋರಿಸೋ ವ್ಯಾಪಾರಿನ ನಾನು ನೋಡಿಲ್ಲ. ಮಾರಿದ ಮೇಲೆ ಸರಿ ಮಾಡಿಕೊಡ್ತಾನೆ, ಅವನೇ ಒಳ್ಳೆಯವನು.

ಮಾತಿಗೆ ಅಂದೆ. ಮಾತಿಗೆ.

ನಿನ್ನ ಬಗ್ಗೆಯೂ ಯೋಚನೆ ಮಾಡಿದ್ದೀನಿ. ಹೊಸ ಪಂಪ್ ಮನೆ ಮುಂದಿನ ವಸಂತಕ್ಕೆ ಮುಗಿಯುತ್ತೆ. ಹೆಸರಿಟ್ಟಿಲ್ಲ ಇನ್ನೂ. ಬಾಗಿಲ ಮೇಲೆ ಹಿತ್ತಾಳೆ ಫಲಕ: ಲೂಯಿಸ್ ಸೆಡ್ಲಾಕ್. ನಿನ್ನ ಹೆಂಡತಿ ಹೆಲೆನ್ ನೋಡಿದ್ರೆ ಎಷ್ಟು ಸಂತೋಷ ಪಡ್ತಾಳೆ… ಬೇಡ್ವಾ? ತಲೆ ಅಲ್ಲಾಡಿಸ್ತಿದ್ದೀಯ. ಬೇಡ ಅಂದ್ರೆ ಬೇಡ. ನಿಂಗೆ ಯಾವತ್ತು ಏನು ಬೇಕಿತ್ತು ಹೇಳು, ಒಂದು ಕೋಲು, ಒಂದು ಚೂರು ಕೆಂಪು ಪೆನ್ಸಿಲ್.

ನಾಳೆ ಇಷ್ಟು ಮಾತ್ರ ನೆನಪಿಟ್ಟುಕೋ. ತಪ್ಪು ಡಾರ್ಲೀನ್ ಕೈಯದ್ದು. ಕೊನೇ ಎರಡು ಸುತ್ತು ಬಿಗಿಯಾಯ್ತು, ಜೋರು ಮಾಡಿ ತಿರುಗಿಸಿದೆ ಅಂತ ಅವಳೇ ಹೇಳಿಕೆಯಲ್ಲಿ ಬರೆದಿದ್ದಾಳೆ. ಅಲ್ಲೇ ಅನುಮಾನ ಬರಬೇಕಿತ್ತು. ಕಬ್ಬಿಣಕ್ಕೂ ಒಂದು ಸ್ವಭಾವ ಇರುತ್ತೆ. ಎಲ್ಮ್ ಮೂಲೆಯ ವಾಲ್ವ್ ನಿಮ್ಮತ್ತೆ ವೆರೋನಾ ಇದ್ದ ಹಾಗೆ, ತಳ್ಳಿದ್ರೆ ಜಾಗ ಬಿಡಲ್ಲ, ಅರ್ಧ ಸುತ್ತು ಹಿಂದೆ ಬಂದು ಒಂದು ಸಿಗರೇಟು ಸೇದೋ ತನಕ ಕಾದ್ರೆ ತಾನಾಗೇ ದಾರಿ ಬಿಡ್ತಾಳೆ ಅಂತ… ಹೆಹ್. ಒಳ್ಳೆ ಮಾತು ಕಣಯ್ಯ ಅದು. ಎಷ್ಟು ನಕ್ಕಿದ್ದೆ ನಾನು ಅವತ್ತು.

ಯಾಕೆ, ನಗಲ್ವಾ? ನಿನ್ನದೇ ಮಾತಲ್ವಾ.

ಯಾಕೆ ಕೈ ನಿಲ್ಲಿಸಿದೆ? ತುಂಬು, ಇನ್ನೂ ಅರ್ಧ ಬುಟ್ಟಿ ಇದೆ.

ನೀನೇ ಹೇಳಿದ್ದೆಯಲ್ಲ. ಫೈರ್ ಸ್ಟೇಷನ್ನಿನಲ್ಲಿ, ಈಸ್ಟರ್ ಮುಂಚಿನ ಶುಕ್ರವಾರಗಳ ಮೀನೂಟದಲ್ಲಿ… ಅಲ್ವಾ? ಹೌದು, ಅಲ್ಲಿ ವೆರೋನಾ ನಿನ್ನ ಪಕ್ಕದಲ್ಲೇ ಕೂತಿರ್ತಿದ್ಲು. ಅವಳೆದುರು ಹೇಗೆ ಹೇಳ್ತೀಯ. ಹಾಗಾದ್ರೆ ನನ್ನ ಅಂಗಡಿಯಲ್ಲಿ. ವಾಲ್ವಿನ ಪ್ಯಾಕಿಂಗ್ ದಾರ ಕೊಳ್ಳೋಕೆ ಬಂದಾಗ… ನೀನು ಅಂಗಡಿಯಲ್ಲಿ ಬೇಕಾದ ಸಾಮಾನಿನ ಹೆಸರು ಬಿಟ್ಟು ಬೇರೆ ಮಾತಾಡಿದ್ದು ಯಾವಾಗ. ಇಲ್ಲೇ, ಈ ಅಡುಗೆಮನೆಯಲ್ಲಿ? ಇಲ್ಲಿ ಅವಳು ಮೂವತ್ತು ವರ್ಷ ಆ ಒಲೆ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ.

ನೀನು ಅದನ್ನ ಯಾರ ಹತ್ರನೂ ಬಾಯಿಬಿಟ್ಟು ಹೇಳಿಲ್ಲ. ಬರೆದಿದ್ದೆ, ಅಷ್ಟೇ.

ಏನಾದ್ರೂ ಅನ್ನು ಲೂಯಿ. ಬೈ. ಆ ಕನ್ನಡಕ ಹಾಕ್ಕೋ ಮೊದಲು, ಹಾಗೆ ಬರಿಗಣ್ಣಲ್ಲಿ ನೋಡಬೇಡ.

…ನಿನ್ನ ನೋಟ್‌ಬುಕ್ ಬ್ರೆಡ್ಡಿನ ಚೀಲದಲ್ಲಿ ಸುತ್ತಿತ್ತು, ಮೇಲೆ ರಬ್ಬರ್ ಬ್ಯಾಂಡ್. ಮಾರ್ಜಿ ತಂದು ನನ್ನ ಕೈಗೇ ಕೊಟ್ಲು. ಒಂದೊಂದು ವಾಲ್ವಿಗೆ ಒಂದೊಂದು ಪುಟ, ಪಕ್ಕದಲ್ಲಿ ಕೆಂಪಲ್ಲಿ ನಿನ್ನ ತಮಾಷೆ. ಒಂದೇ ಮಧ್ಯಾಹ್ನ ಕೂತು ಮುಗಿಸಿದೆ. ಸಹಿ ಬೀಳಲಿ, ಮರುದಿನ ಕೊಡೋಣ ಅಂದ್ಕೊಂಡೆ. ಸಹಿ ಬಿತ್ತು. ಆಮೇಲೆ ಆ ಹುಡುಗಿ ವರದಿಯಲ್ಲಿ "ಎಲ್ಲ ವಾಲ್ವ್‌ಗಳೂ ಒಂದೇ ಬಗೆ, ಎಲ್ಲವೂ ನಕ್ಷೆಯಲ್ಲಿವೆ" ಅಂತ ಅಚ್ಚು ಹಾಕಿಸಿದ್ಲು. ಪ್ರಶಸ್ತಿ ಬಂತು. ಅಚ್ಚಾದ ಮೇಲೆ ಹೇಗೆ ಕೊಡೋದು? ಮೂರು ವರ್ಷದಿಂದ ನನ್ನ ಅಂಗಡಿ ಕಪಾಟಿನಲ್ಲಿದೆ. ಸುಡೋಕೆ ಎರಡು ಸಲ ಕೈಗೆ ತಗೊಂಡೆ. ನಿನ್ನ ತಮಾಷೆ ಓದಿ ಮತ್ತೆ ಇಟ್ಟೆ.

ಫೋನ್ ಯಾಕೆ ಈ ಕಡೆ ತಳ್ತೀಯ? ಇದು ಯಾರ ನಂಬರು… ಡಾರ್ಲೀನ್‌ದಾ. ನಾನೇ ಫೋನ್ ಮಾಡಿ ಹೇಳಬೇಕಾ?

ನೀನು ರಸ್ತೆ ಮೇಲೆ ಮೊಣಕಾಲೂರಿ ಕೋಲಿಗೆ ಕಿವಿ ಕೊಡೋವಾಗ, ನಾವು ಒಂದು ಪಿಸುಮಾತಾಡಿದ್ರೂ ಕೈ ಎತ್ತಿ ಸುಮ್ಮನಿರಿಸ್ತಿದ್ದೆ. ಕಾರು ನಿಲ್ಲಿಸ್ತಿದ್ದೆ, ನಾಯಿ ಕಟ್ಟಿಸ್ತಿದ್ದೆ. ಸೋರೋದು ಕೇಳಬೇಕು, ಬೇರೆ ಏನೂ ಕೇಳಿಸಬಾರದು ಅಂತ.

ಇವತ್ತು ಒಂದು ಗಂಟೆ ಹೊತ್ತು ನನ್ನೆದುರು ಕೂತು, ನನ್ನನ್ನ ಒಂದು ಸಲವೂ ಸುಮ್ಮನಿರು ಅನ್ನಲಿಲ್ಲವಲ್ಲೋ ಲೂಯಿ.