ಗಾಲಿಕುರ್ಚಿ ಹೋಗುವಷ್ಟು ದಾರಿ

...ಇಲ್ಲಮ್ಮಾ, ತಳ್ತಾನೇ ಇದೀನಿ! ಮುಂದಕ್ಕೆ ಹೋಗ್ತಿಲ್ಲ ಅಂದ್ರೆ ನಾನೇನ್ ಮಾಡ್ಲಿ? ಬಲಗಡೆ ಗಾಲಿ ಗೋಡೆಗೆ ಉಜ್ತಿದೆ, ಎಡಗಡೇದು ಈ ದರಿದ್ರ ಪಬ್ಬಿನ ಟೇಬಲ್ ಕಾಲಿಗೆ ಸಿಕ್ಕೊಂಡಿದೆ. ಕೈ ಒಳಗಿಟ್ಕೋ, ಬೆರಳು ಜಜ್ಜಿಹೋದಾವು. ರೀ ಸ್ವಾಮಿ... ಹೌದು, ನಿಮಗೇ... ಆ ಕಾಲು ಸ್ವಲ್ಪ ಒಳಗೆ ಎಳ್ಕೊಳ್ರೀ! ಇದು ಫುಟ್‌ಪಾತು, ನಿಮ್ಮನೆ ಮಂಚ ಅಲ್ಲ! ನೋಡಿದ್ಯಾ ಅಮ್ಮಾ, ಎಳ್ಕೊಂಡಿದ್ದು ಎಷ್ಟು? ಒಂದು ಬೆರಳಷ್ಟು. ಮಹಾ ಉಪಕಾರ.

ಥೂ! ಏನ್ ನಾತ ಇದು! ಹುಳಿ ಬಿಯರು, ಸಿಗರೇಟು, ಅದರ ಮೇಲೆ ಫಿನಾಯಿಲು. ನೀನು ಬೆಳಿಗ್ಗೆ ಬಂದು ನೋಡ್ಬೇಕು, ಹೂಕುಂಡದಲ್ಲಿ ಹೂವಿಗಿಂತ ಸಿಗರೇಟು ತುಂಡೇ ಜಾಸ್ತಿ. ಮೊನ್ನೆ ಒಬ್ಬ ಮಹಾನುಭಾವ ನಮ್ಮ ಬಾಗಿಲಲ್ಲೇ ವಾಂತಿ ಮಾಡಿ, ಅದರ ಪಕ್ಕದಲ್ಲೇ ಕೂತು, ಫೋನಲ್ಲಿ ಯಾರಿಗೋ "ನೀನಿಲ್ದೆ ನಾನಿಲ್ಲ ಚಿನ್ನಾ" ಅಂತಿದ್ದ... ಯಾಕ್ ನಗ್ತೀಯ? ನಿನಗೆ ನಗು! ಎರಡು ಬಕೆಟ್ ನೀರು ಹೊಯ್ದು ತೊಳೆದವನು ನಾನು. ಆ ಚಿನ್ನ ಬಂದು ತೊಳೀಲಿಲ್ಲ.

ಗೊತ್ತಮ್ಮಾ, ಗೊತ್ತು. ಆರಕ್ಕೆ ವ್ಯಾನು ಬರುತ್ತೆ. ಚಿಕ್ಕಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋ ಮುಂಚೆ ನೀನು ಅವಳ ಮುಖ ನೋಡ್ಬೇಕು. ನಾಳೆ ಬೆಳಿಗ್ಗೆ ಎದೆ ಆಪರೇಷನ್ನು, ಆ ವಯಸ್ಸಿಗೆ ಎದ್ದು ಬರ್ತಾಳೋ ಇಲ್ವೋ ಹೇಳಕ್ಕಾಗಲ್ಲ ಅಂತ ಡಾಕ್ಟರೇ ಅಂದಿದಾರೆ... ಅಯ್ಯೋ, ಅಳ್ಬೇಡ. ಬಾಯಿ ತಪ್ಪಿ ಅಂದೆ. ಇನ್ನೂ ಇಪ್ಪತ್ತು ನಿಮಿಷ ಇದೆ. ಬೀದಿ ಕೊನೆ ಮನೆ, ಇಲ್ಲಿಂದ ಎಂಬತ್ತು ಹೆಜ್ಜೆ. ಇಲ್ಲಿಂದ್ಲೇ ಅವಳ ಗೇಟು ಕಾಣುತ್ತೆ... ಕಾಣ್ತಿಲ್ವಾ? ಹಾಂ, ಛತ್ರಿ ಅಡ್ಡ. ಟೇಬಲಿಗೊಂದು ಛತ್ರಿ ಬೇರೆ ಕೇಡು ಇವಕ್ಕೆ!

ರಸ್ತೆಗೆ ಇಳಿಯೋ ಹಾಗಿಲ್ಲಮ್ಮಾ. ಆ ಕಡೆ ಉದ್ದಕ್ಕೂ ಕಬ್ಬಿಣದ ಕಂಬಿ, ಕಾಣ್ತಿಲ್ವಾ? ಗಿರಾಕಿಗಳು ತೂರಾಡ್ತಾ ಗಾಡಿ ಕೆಳಗೆ ಹೋಗ್ಬಾರದಲ್ಲ, ಅದಕ್ಕೆ. ನಮ್ಮನೆ ಹಿಂದಿನ ದಾರೀಲಿ ಹನ್ನೊಂದು ಮೆಟ್ಟಿಲು. ನಿನ್ನ ಸೊಂಟದಲ್ಲಿ ಸರಳು. ಇದೊಂದೇ ದಾರಿ. ಇರೋ ಒಂದು ದಾರೀಲಿ ಪಬ್ಬಿನವನು ಅಂಗಡಿ ಹರವಿದಾನೆ.

ಕಾನೂನಾ? ಕಾನೂನು ಇದೆಯಲ್ಲ, ಬೇಕಾದಷ್ಟಿದೆ! ಆ ಹಗ್ಗ ಕಾಣ್ತಿದೆಯಾ, ಕೆಂಪು ಹಗ್ಗ? ಅದರೊಳಗೆ ಕೂತು ಕುಡಿದ್ರೆ ಗಿರಾಕಿ. ಅದರಾಚೆ ನಿಂತು ಕುಡಿದ್ರೆ ಕುಡುಕ. ನಿಜವಾಗ್ಲೂ! ಮೂಟೆ ತಾತ ಇಲ್ವಾ, ಅಪ್ಪನ ಕಾಲದಿಂದ ನಮಗೆ ಮರ ಹೊತ್ತು ಹಾಕ್ತಿದ್ದವನು... ಅವನೇ. ನಲವತ್ತು ವರ್ಷದಿಂದ ಆ ಮೂಲೆ ಕಲ್ಲಿನ ಮೇಲೆ ಕೂತು, ಒಂದು ಚಿಕ್ಕ ಬಾಟ್ಲಿ ಕುಡಿದು, ಯಾರಿಗೂ ಒಂದು ಮಾತು ಅನ್ನದೆ ಎದ್ದು ಹೋಗ್ತಿದ್ದ. ಹೋದ ವಾರ ಪೊಲೀಸಿನವನು ಬಂದು ಬಾಟ್ಲಿ ಕಿತ್ಕೊಂಡು ಮೋರಿಗೆ ಸುರಿದ. ಬೀದೀಲಿ ಕುಡೀಬಾರದಂತೆ. ದಂಡ ಹಾಕಿದ. ಅದೇ ಹೊತ್ತಿಗೆ ಕೋಟು ಹಾಕಿದವನೊಬ್ಬ ಗ್ಲಾಸ್ ಹಿಡ್ಕೊಂಡೇ ಹಗ್ಗ ದಾಟಿ, ಕಂಬಿ ಹಾರಿ ರಸ್ತೆಗೇ ಬಂದು ಫೋನಲ್ಲಿ ಕಿರುಚ್ತಿದ್ದ. ಅವನಿಗೇನಂದ ಗೊತ್ತಾ ಪೊಲೀಸಪ್ಪ? "ಸರ್, ದಯವಿಟ್ಟು ಒಳಗೆ ಬನ್ನಿ ಸರ್, ಗಾಡಿ ಬರ್ತಾವೆ." ಸರ್! ತಾತ ಪಾಪ ಖಾಲಿ ಕೈ ನೋಡ್ಕೊಂಡು ಕೂತಿದ್ದ. ಅಸಹ್ಯ ಆಗೋಯ್ತು ನನಗೆ. ಊರಿಗೊಂದು ಕಾನೂನು, ಹಗ್ಗಕ್ಕೊಂದು ಕಾನೂನು!

ಟೇಬಲ್ ಸರಿಸಕ್ಕಾಗಲ್ಲಮ್ಮಾ. ನೆಲಕ್ಕೆ ಬೋಲ್ಟ್ ಹಾಕಿದೆ. ಕಾರ್ಪೊರೇಷನ್ನವರು ಎಳೆದ ಗೆರೆ ಬಿಟ್ಟು ಒಂದಿಂಚೂ ಆಚೆ ಈಚೆ ಆಗ್ಬಾರದು ಅಂತ ಅವರ ಷರತ್ತು. ಕಾಲಿಗೆ ಎರಡೆರಡು ಬೋಲ್ಟು, ನಾಲ್ಕಿಂಚಿಂದು, ಸಿಮೆಂಟಿಗೇ ಇಳಿದಿದೆ... ಏನು? ನನಗೆ ಹೆಂಗೆ ಗೊತ್ತಾ? ಗೊತ್ತಾಗುತ್ತಪ್ಪ! ಬಡಗಿ ಕಣ್ಣು. ನೋಡಿದ್ರೆ ಗೊತ್ತಾಗಲ್ವಾ?

ರೀ ಅಮ್ಮಣ್ಣಿ, ಆ ಗ್ಲಾಸಿನಡಿ ಒಂದು ರಟ್ಟಾದ್ರೂ ಇಡ್ಬಾರದಾ? ನೋಡಿ, ನೀರು ಹೆಂಗೆ ವೃತ್ತ ಬಿಟ್ಟಿದೆ. ಪಾಲಿಶು ಹಾಳಾಗಲ್ವಾ? ಸ್ವಲ್ಪ ಎತ್ತಿ, ಒರೆಸ್ತೀನಿ... ಏನಮ್ಮಾ? ಒರೆಸ್ದೆ, ಅದಕ್ಕೇನೀಗ? ಮರ ಅಮ್ಮಾ. ಯಾರದಾದ್ರೂ ಮರ ಮರಾನೇ. ನೋಡ್ಕೊಂಡು ಸುಮ್ನಿರಕ್ಕೆ ಆಗಲ್ಲ ನನಗೆ.

ಅವತ್ತು, ಅಳತೆ ನೋಡಿದ ದಿನ, ಇದೇ ದಾರೀಲಿ ಹೋಗಿದ್ವಿ, ಹೌದು. ನೆನಪಿದೆ. ಇನ್ನೂ ಟೇಬಲ್ ಬಂದಿರ್ಲಿಲ್ಲ, ಟೇಬಲ್ ಬರೋ ಜಾಗಕ್ಕೆ ಹಳದಿ ಗೆರೆ ಹೊಡೆದಿದ್ರು. ಗಾಲಿಕುರ್ಚಿ ಸರಾಗವಾಗಿ ಹೋಗುವಷ್ಟು ದಾರಿ ಬಿಟ್ರೇನೇ ಪರವಾನಗಿ ಅಂತ ನಿಯಮ. ಕಾರ್ಪೊರೇಷನ್ ಸಾಹೇಬರು ಟೇಪ್ ಹಿಡ್ಕೊಂಡು ಬಂದಿದ್ರು. ನಾನು ತಳ್ದೆ, ನೀನು ಕೂತಿದ್ದೆ. ಆ ಪಬ್ಬಿನ ಯಜಮಾನ, ಚಿನ್ನದ ಹಲ್ಲಿನವನು, "ಅಜ್ಜಿ, ಸ್ವಲ್ಪ ನಗಿ" ಅಂತ ಫೋಟೋ ತೆಗೆದ. ನೀನೂ ನಕ್ಕೆ. "ಪರ್ವಾಗಿಲ್ಲ ಕಣೋ, ನನ್ನಂಥೋರ ಬಗ್ಗೆ ಯೋಚನೆ ಮಾಡೋರೂ ಇದಾರೆ" ಅಂದೆ ನನ್ಹತ್ರ... ಅದನ್ನೆಲ್ಲ ಈಗ ಯಾಕೆ ತೆಗೀತೀಯ ಬಿಡು.

ಅವತ್ತು ಹೋಗಿದ್ದು ಇವತ್ತು ಯಾಕೆ ಹೋಗಲ್ಲ ಅಂದ್ರೆ... ಅದೇ ನಾನೂ ಹೇಳ್ತಿರೋದು! ಮೋಸ! ಪರವಾನಗಿ ಕೈಗೆ ಬಂದಮೇಲೆ ಗೆರೆ ದಾಟಿ ಟೇಬಲ್ ಹಾಕ್ಸಿದಾನೆ. ಆ ಹಲ್ಲು ನೋಡಿದ್ರೇ ಗೊತ್ತಾಗಲ್ವಾ? ನಾಳೇನೇ ಹೋಗಿ ದೂರು ಕೊಟ್ಟು ಬರ್ತೀನಿ, ನೋಡ್ತಿರು...

ಎಲ್ಲಿ? ಏನ್ ತೋರಿಸ್ತಿದೀಯ? ಟೇಬಲ್ ಕಾಲು... ಅದರಡಿ... ಹೂಂ. ಗೆರೆ.

ಹೂಂ, ಹಳದಿ ಗೆರೆ ಮೇಲೇ ಇದೆ. ಸರಿಯಾಗಿ ಗೆರೆ ಮೇಲೇ.

ಹಾಗಾದ್ರೆ... ನನಗೇನು ಗೊತ್ತಮ್ಮಾ! ಗೋಡೆ ದಪ್ಪ ಆಗಿರ್ಬೇಕು! ಸುಣ್ಣ ಬಳಿದಿದಾರೋ ಏನೋ... ಹಂಗೆ ನೋಡ್ಬೇಡ. ನಡಿ, ಮನೆಗೆ ಹೋಗೋಣ. ಚಿಕ್ಕಮ್ಮನಿಗೆ ಫೋನ್ ಮಾಡಿಕೊಡ್ತೀನಿ, ಅದರಲ್ಲೇ ಮುಖ ನೋಡು, ಈಗ ಎಲ್ಲರೂ ಹಂಗೇ ನೋಡೋದು... ಬ್ರೇಕ್ ಯಾಕೆ ಹಾಕ್ದೆ? ಅಮ್ಮಾ, ಬ್ರೇಕ್ ತೆಗಿ. ಎಲ್ಲರೂ ನೋಡ್ತಿದಾರೆ. ಆ ಕೈ ಯಾಕೆ ಟೇಬಲ್ ಅಡಿಗೆ ಹಾಕ್ತೀಯ? ಕೊಳಕು ಇರುತ್ತೆ, ಚ್ಯೂಯಿಂಗ್ ಗಮ್ ಅಂಟಿಸಿರ್ತಾರೆ ಬೇವರ್ಸಿಗಳು. ತೆಗಿ ಕೈನ...

ಏನ್ ಸವರ್ತಿದೀಯ?

ಅಂಚು. ಅಡಿ ಅಂಚು... ಗುಂಡಗಿದೆ. ಅದಕ್ಕೆ? ಎಲ್ಲ ಟೇಬಲ್ ಅಂಚೂ ಗುಂಡಗಿರ್ತವೆ... ಇರಲ್ಲ. ಗೊತ್ತು, ಇರಲ್ಲ. ಕಾಣದ ಕಡೆ ಯಾರೂ ಉಜ್ಜಲ್ಲ. ಅಪ್ಪ ಒಬ್ಬನೇ ಉಜ್ತಿದ್ದ. ಕಣ್ಣಿಗೆ ಬೀಳೋ ಕಡೆ ಎಲ್ಲರೂ ಉಜ್ತಾರೆ ಮಗಾ, ಬೆರಳಿಗೆ ಸಿಗೋ ಕಡೆ ನಾವು ಉಜ್ಬೇಕು ಅಂತಿದ್ದ. ಈ ಬೀದೀಲಿ ಆ ಕೆಲಸ ಇನ್ಯಾರು ಮಾಡ್ತಾರೆ... ಮಾತಾಡಮ್ಮಾ. ಏನಾದ್ರೂ ಅನ್ನು. ಸುಮ್ನೆ ಕೂತು ಸವರ್ಬೇಡ!

ಹೂಂ! ನಾನೇ! ಎಲ್ಲಾನೂ ನಾನೇ ಮಾಡಿದ್ದು! ಈ ಟೇಬಲ್ ಮಾಡ್ತಿದ್ದಾಗ ಶಾಲೆ ಬೆಂಚು ಅಂತ ನಿನಗೆ ಸುಳ್ಳು ಹೇಳ್ದೆ. ಬೋಲ್ಟ್ ಇಳಿಸಿದವನೂ ನಾನೇ. ಏನ್ ಮಾಡ್ಲಮ್ಮಾ? ಏಳು ತಿಂಗಳು ಒಬ್ಬ ನರಪಿಳ್ಳೆ ಅಂಗಡಿ ಮೆಟ್ಲು ಹತ್ತಲಿಲ್ಲ. ಎಲ್ಲರಿಗೂ ರೆಡಿಮೇಡ್ ರಟ್ಟಿನ ಸಾಮಾನು ಬೇಕು. ಗರಗಸಕ್ಕೆ ತುಕ್ಕು, ಉಳಿಗೆ ತುಕ್ಕು. ಪಬ್ಬಿನವನು ಇಪ್ಪತ್ತನಾಲ್ಕು ಟೇಬಲ್ ಬೇಕು ಅಂದಾಗ ಕಣ್ಣಲ್ಲಿ ನೀರು ಬಂತು ನನಗೆ. ಆದ್ರೆ ಪರವಾನಗಿ ಸಿಕ್ಕಿದ್ರೆ ಮಾತ್ರ ಅಂದ. ನಾನು ಮೊದಲೇ ಬಂದು ಅಳೆದಿದ್ದೆ. ನಿನ್ನ ಕುರ್ಚಿಗೆ ಎರಡೂವರೆ ಇಂಚು ಜಾಗ ಕಮ್ಮಿ ಬೀಳುತ್ತೆ ಅಂತ ಗೊತ್ತಿತ್ತು. ನಿನ್ನ ಕುರ್ಚಿ ಗಾಲಿ ಕೆಟ್ಟಿದೆ ಅಂದ್ನಲ್ಲ ಅವತ್ತು... ಕೆಟ್ಟಿರ್ಲಿಲ್ಲ. ಅವತ್ತು ನಿನ್ನ ಕೂರಿಸಿದ ಆ ಸಣ್ಣ ಗಾಲಿಕುರ್ಚಿ ಅವನೇ ತರಿಸಿಕೊಟ್ಟಿದ್ದು. "ಸೊಂಟ ಒತ್ತುತ್ತೆ ಕಣೋ" ಅಂದೆ ನೀನು. "ಎರಡು ನಿಮಿಷ ತಡ್ಕೋ" ಅಂದೆ ನಾನು.

ಆಮೇಲೆ ಐದು ವಾರ ನಿನ್ನ ಚಿಕ್ಕಮ್ಮನ ಮನೆಗೆ ಕರ್ಕೊಂಡು ಹೋಗದೇ ಇದ್ದಿದ್ದು... ಹೂಂ, ಅದೂ ಸುಳ್ಳು. ಗಾಲಿ ರಿಪೇರಿ, ಹೊರಗೆ ಗಾಳಿ, ಚಿಕ್ಕಮ್ಮನಿಗೆ ನೆಗಡಿ, ಎಲ್ಲ ಸುಳ್ಳು. ನೀನು ದಿನಾ ಸಂಜೆ ತಲೆ ಬಾಚ್ಕೊಂಡು ಕೂತಿರ್ತಿದ್ದೆ. ಅವಳು ದಿನಾ ಫೋನ್ ಮಾಡಿ "ಅಕ್ಕ ಯಾಕೆ ಬರಲ್ಲ, ನನ್ಮೇಲೆ ಕೋಪಾನಾ" ಅಂತ ಕೇಳ್ತಿದ್ಲು. ನಿನಗೆ ಹೇಳಲಿಲ್ಲ. ಇವತ್ತು ಹೇಗೋ ನುಸುಳಿ ಹೋಗ್ಬಹುದು ಅಂದ್ಕೊಂಡೆ... ಎರಡೂವರೆ ಇಂಚು ತಾನೇ ಅಂತ... ಇವರನ್ನೆಲ್ಲ ಬೈತಾ ಇದ್ರೆ ನಿನಗೆ ಗೊತ್ತಾಗಲ್ಲ ಅಂದ್ಕೊಂಡೆ. ಥೂ, ನನ್ನ ಜನ್ಮಕ್ಕೆ. ಬೈಯಮ್ಮಾ. ಕಪಾಳಕ್ಕೆ ಹೊಡಿ.

ಏನ್ರೀ ನಿಮ್ದು? ಕೇಳಿಸ್ಕೊಂಡ್ರಾ? ಎಲ್ಲ ಕೇಳಿಸ್ಕೊಂಡ್ರಲ್ಲ, ಕುಡೀರಿ ಇನ್ನು... ಏನು? ಎತ್ತೋದಾ? ಕುರ್ಚಿ ಸಮೇತ, ಟೇಬಲ್ ಮೇಲಿಂದ? ಬೇಡ. ನಿಮಗೇ ನಿಲ್ಲಕ್ಕಾಗಲ್ಲ, ನಮ್ಮಮ್ಮನ್ನ ಎತ್ತೋಕೆ ಬಂದ್ರು! ಮುಟ್ಬೇಡಿ. ನಮ್ಮಮ್ಮ ಒಪ್ಪಲ್ಲ...

ಅಮ್ಮಾ? ಅವರಿಗಾ ಕೈ ಬೀಸ್ತಿರೋದು?

ಹೂಂ... ಸರಿ. ರೀ, ಗ್ಲಾಸ್ ಎಲ್ಲ ಕೆಳಗಿಡಿ ಮೊದಲು. ಆ ಕಡೆ ಇಬ್ಬರು, ಈ ಕಡೆ ಇಬ್ಬರು. ಅಡಿ ಕಂಬಿ ಹಿಡೀರಿ, ಕೈಯಾಸರೆ ಹಿಡೀಬೇಡಿ, ಕಿತ್ಕೊಂಡ್ಬಿಡುತ್ತೆ. ನಿಧಾನ... ಸೊಂಟ ನೋವಿದೆ ಅವಳಿಗೆ... ಅಣ್ಣಾ, ಸ್ವಲ್ಪ ಮೇಲೆ... ತಡೀರಿ, ಹಿಂದಿನ ಹಿಡಿ ನಾನು ಹಿಡ್ಕೋತೀನಿ.

ಯಾಕಮ್ಮಾ? ಕೈ ಯಾಕೆ ತಳ್ತೀಯ? ನಾನು ಹಿಡ್ಕೋಬಾರದಾ?

...ಆಯ್ತು. ಹೋಗಿ. ನೀವೇ ಹೋಗಿ ಸ್ವಾಮಿ. ಬೇಗ ಹೋಗಿ, ವ್ಯಾನು ಬಂದು ನಿಂತಿದೆ ಅಲ್ಲಿ, ಬಾಗಿಲು ತೆಗೀತಿದಾರೆ... ಕೂಗಿ ಹೇಳಿ, ಅಕ್ಕ ಬಂದ್ಲು ಅಂತ ಕೂಗಿ ಹೇಳಿ ಅವಳಿಗೆ!

ಅಮ್ಮಾ... ನಾನೂ ಬರ್ಲಾ?