ಎಂಟನೇ ತರಗತಿಯಿಂದ ತೊಲಗಿದ ಬ್ರಿಟಿಷರು

ನವನಗರದ ಸ್ಟಾಪಿನಲ್ಲಿ ದುರ್ಗದಬೈಲಿನ ಬಸ್ಸಿಗೆ ಕಾಯುತ್ತಿದ್ದ ಮದೀನಾಬಿಯ ಬೆನ್ನ ಹಿಂದೆ ಇಬ್ಬರು ಶಿಕ್ಷಕರು ಬಂದು ನಿಂತರು. ಕುಮಾರಸ್ವಾಮಿ ಸರ್ ಮಾತು ತೆಗೆದರು.

"ಯಾಕ್ರಿ ದಾಕ್ಷಾಯಿಣಿ ಅಕ್ಕೋರ, ಮಾರಿ ಸಪ್ಪಗಾಗೇತಿ?"

"ಎಂಟನೇತ್ತೆ ಹುಡುಗರು ನನ್ನನ್ನ ಕ್ಲಾಸಿಂದ ಹೊರಗ ಹಾಕಿದ್ರು, ಸರ್."

"ಅಂದ್ರ?"

"ಬ್ರಿಟಿಷರೇ ತೊಲಗಿ ಚಳವಳಿ ಪಾಠ ಇತ್ತು. ಆಡಿ ತೋರಸೂಣು ಅಂದೆ. ಬ್ರಿಟಿಷರಾಗಾಕ ಯಾರೂ ಒಪ್ಪಲಿಲ್ಲ, ನಾನ ಆದೆ. ಹೊರಗ ದಬ್ಬಿ ಚಿಲಕಾ ಹಾಕ್ಕೊಂಡ್ರು."

"ಜೋರು ಮಾಡಬೇಕಿತ್ತು."

"ಮಾಡಿದೆ. 'ದಬ್ಬಾಳಿಕೆಗೆ ಧಿಕ್ಕಾರ' ಅಂದ್ರು. ಆ ಶಬ್ದಾ ಕಲಿಸಿದಾಕಿನೂ ನಾನ."

ದುರ್ಗದಬೈಲಿನ ಬಸ್ಸು ಬಂತು. ಮದೀನಾಬಿ ಹತ್ತಲಿಲ್ಲ.

"ಕಡೀಕ ಬಾಗಲಾ ತಗದ್ರೋ ಇಲ್ಲೋ?" ಕುಮಾರಸ್ವಾಮಿ ಸರ್ ಕೇಳಿದರು.

"ಊಟದ ಗಂಟಿ ಆತು. ಸ್ವಾತಂತ್ರ್ಯಾ ಅಲ್ಲೇ ಬಿಟ್ಟು ತಾಟು ಹಿಡಕೊಂಡು ಓಡಿದ್ರು."

"ನಾಳೆ ಯಾವ ಪಾಠರಿ?"

"ಫ್ರಾನ್ಸಿನ ಕ್ರಾಂತಿ. ಅದರಾಗ ರಾಜನ ತಲಿ ತಗೀತಾರ."

"ರಾಜ ಯಾರು?"

"ಎಲ್ಲಾರೂ ಕೂಡಿ ನನ್ನ ಆರಿಸ್ಯಾರ."

"ಸುಮ್ಮನ ರಜಾ ಹಾಕ್ರಿ ಅಕ್ಕೋರ."

ಧಾರವಾಡದ ಬಸ್ಸು ಬಂತು. ದಾಕ್ಷಾಯಿಣಿ ಮೆಟ್ಟಿಲ ಮೇಲೆ ನಿಂತು ತಿರುಗಿದರು.

"ಆ ರಾಜಾನೂ ಒಮ್ಮೆ ಓಡಿಹೋಗಿದ್ನಂತ್ರಿ, ಸರ್. ಹಿಡಕೊಂಡು ಬಂದ್ರಂತ. ಹುಡುಗರು ಆ ಪುಟಾ ಈಗಾಗ್ಲೇ ಓದ್ಯಾರ."